ಗಾಳಿ ತಾಗದ ಶೀಶೆ, ಸೊಣ್ಣಮ್ಮನ ಒಸಡು

೧
ಈ ಕಥೆಯನ್ನು ಬ್ಯಾಕ್ಟೀರಿಯಾದಿಂದ ಶುರುಮಾಡಲೋ, ಸೊಸೆಯಿಂದಲೋ? ಬ್ಯಾಕ್ಟೀರಿಯಾದಿಂದ ಶುರುಮಾಡಿದ ಕರಡನ್ನು ಹರಿದುಹಾಕಿದೆ. ಅದರಲ್ಲಿ ನಾನು ಮಹಾ ಪಂಡಿತನ ಹಾಗೆ ಕಾಣುತ್ತಿದ್ದೆ, ನೀವು ಆಕಳಿಸುತ್ತಿದ್ದಿರಿ.

೨
(ವಿಜ್ಞಾನ ಇಷ್ಟೇ, ಸಹಿಸಿಕೊಳ್ಳಿ.) ಒಸಡಿನ ಸಂದಿಯಲ್ಲಿ ಗಾಳಿ ತಾಗಿದರೆ ಸಾಯುವ ಬ್ಯಾಕ್ಟೀರಿಯಾಗಳಿವೆ. ಹಲ್ಲನ್ನು ದವಡೆಗೆ ಕಟ್ಟಿ ಹಿಡಿಯುವ ಕೊಲ್ಯಾಜೆನ್ ಎಂಬ ನಾರನ್ನು ಅವು ಬಿಡುವ ಕಿಣ್ವ ಕರಗಿಸುತ್ತದೆ. ಹಲ್ಲು ಅಲ್ಲಾಡಿ ಬೀಳುತ್ತದೆ. ೧೯೬೪ರಲ್ಲಿ ಇದು ಹೊಸ ಸುದ್ದಿ. ಫಾರಿನ್ನಿನಲ್ಲಿ ಕಲಿತು ಬಂದ ಡಾಕ್ಟರೊಬ್ಬರು ಯಲಹಂಕದ ಪಕ್ಕದ ಪುಟ್ಟೇನಹಳ್ಳಿಯಲ್ಲಿ ಕ್ಯಾಂಪ್ ಹಾಕಿದರು. ಒಸಡು ಕೆಟ್ಟವರದೊಂದು ಪಟ್ಟಿ, ಆರೋಗ್ಯವಂತರದೊಂದು ಪಟ್ಟಿ. ಚಿಕಿತ್ಸೆ ಮೊದಲ ಪಟ್ಟಿಯವರಿಗೆ ಮಾತ್ರ.

೩
ಸೊಣ್ಣಮ್ಮನಿಗೆ ಮೂವತ್ತೊಂದು ವರ್ಷ. ಮುಂದಿನ ನಾಲ್ಕು ಹಲ್ಲು ಅಲ್ಲಾಡುತ್ತಿದ್ದವು. ಮಾವ ದೊಡ್ಡಮುನಿಯಪ್ಪ ಎದುರಿಗೇ ಕೂತಿದ್ದರಿಂದ ಬಾಯಿ ತೆರೆಯುವಂತಿರಲಿಲ್ಲ; ಒಸಡಿನ ಬ್ಯಾಕ್ಟೀರಿಯಾ ಹಿಡಿಯಲು ಡಾಕ್ಟರು ಮನೆಗೆ ಕಳಿಸಿದ್ದ ಕಾಗದದ ಕಡ್ಡಿಯನ್ನು ಸೆರಗಿನ ಮರೆಯಲ್ಲೇ ಒಸಡಿಗೆ ಒತ್ತಿಕೊಂಡು ಕೊಟ್ಟಳು. ಕಂಪೌಂಡರ್ ಪಿಳ್ಳಪ್ಪ ಅದನ್ನು ಶೀಶೆಗೆ ಹಾಕಿ, ಗಾಳಿಯಾಡದಂತೆ ಮೇಣ ಮೆತ್ತಿ, ಡಾಕ್ಟರು ಬರೆದುಕೊಟ್ಟಿದ್ದ ಒಂದೇ ಒಂದು ಪ್ರಶ್ನೆ ಕೇಳಿದ.

“ಊಟ ಮಾಡಾಕೆ ತೊಂದ್ರೆ ಐತೇನಮ್ಮ?”

“ಇಲ್ಲಣ್ಣ. ಮುದ್ದೆ ನುಂಗಾಕೆ ಅಲ್ಲು ಯಾಕೆ?”

ಪಿಳ್ಳಪ್ಪನೂ ಮುದ್ದೆ ನುಂಗುವವನೇ. ‘ಆರೋಗ್ಯವಂತೆ’ ಎಂದು ಗುರುತು ಹಾಕಿದ. (ಬ್ರೆಡ್ಡು ಜಗಿಯುವ ಡಾಕ್ಟರಿಗೆ, ಜಗಿಯದೆಯೂ ಊಟವಾಗುತ್ತದೆ ಎಂದು ಫಾರಿನ್ನಿನವರು ಹೇಳಿಕೊಟ್ಟಿರಲಿಲ್ಲ.)

೪
ಲ್ಯಾಬಿನಲ್ಲಿ ಅವಳ ಶೀಶೆ ಎಲ್ಲರದಕ್ಕಿಂತ ಬೇಗ ಕೊಲ್ಯಾಜೆನ್ ಕರಗಿಸಿತು. ಆರೋಗ್ಯವಂತರ ಅದೇ ಪಟ್ಟಿಯಲ್ಲಿ ಅವಳಂಥ ಸೊಸೆಯರು ಇನ್ನೂ ಹನ್ನೊಂದು ಮಂದಿ. ಒಬ್ಬರನ್ನಾದರೂ ಕರೆದು ಬಾಯಿ ನೋಡಬಹುದಿತ್ತು. ನಮ್ಮ ಘನವಿದ್ವಾಂಸರು ಹಾಗೆ ಮಾಡಲಿಲ್ಲ. ‘ಈ ಕಿಣ್ವ ಆರೋಗ್ಯವಂತರಲ್ಲೂ ಇದೆ, ಇದರಿಂದ ಅಪಾಯವಿಲ್ಲ’ ಎಂದು ಪೇಪರ್ ಬರೆದರು. ಹಾರ ಹಾಕಿಸಿಕೊಂಡರು.

೫
ಅಂತ್ಯ ಒಂದು: ಡಾಕ್ಟರು ತಪ್ಪು ಒಪ್ಪಿಕೊಳ್ಳುತ್ತಾರೆ. (ನಗಬೇಡಿ.)

ಅಂತ್ಯ ಎರಡು: ಸೊಣ್ಣಮ್ಮ ಸೆರಗು ಸರಿಸಿ, ಊರೆದುರು ಬಾಯಿ ತೆರೆಯುತ್ತಾಳೆ.

ಇಷ್ಟು ಬರೆಯುವಷ್ಟರಲ್ಲಿ ಅವಳೇ ಬಂದು ನನ್ನ ಮೇಜಿನ ಮುಂದೆ ನಿಂತಳು.

“ನಾನ್ ಬಾಯ್ ತೆಗುದ್ರೆ ಆಮ್ಯಾಕೆ ಮನೇಲಿ ಏನಾಯ್ತದೆ ಅಂತ ಬರುದ್ರಾ ಸಾಮಿ?”

“ಅದು ಕಥೆಗೆ ಬೇಡಮ್ಮ. ನೀವು ಪ್ರತಿಭಟನೆಯ ಸಂಕೇತ.”

“ಸಂಕೇತಕ್ಕೆ ಅಲ್ಲು ಉದ್ರಲ್ವಾ? ಆ ಡಾಕ್ಟ್ರೂ ನನ್ ಬಾಯ್ ನೋಡ್ನಿಲ್ಲ, ನೀವೂ ನೋಡ್ನಿಲ್ಲ.”

ನಾಚಿಕೆಯಾಯಿತು. ಪೆನ್ನು ನನ್ನದೇ ಅಲ್ಲವೇ, ನಿಮ್ಮ ಹೆಸರನ್ನು ಈಗಲೇ ಮೊದಲ ಪಟ್ಟಿಗೆ ಸೇರಿಸುತ್ತೇನೆ ಎಂದೆ. ಅವಳು ಎರಡು ಬೆರಳು ಬಾಯಿಗೆ ಹಾಕಿ, ಮುಂದಿನದೊಂದು ಹಲ್ಲನ್ನು ಸಲೀಸಾಗಿ ಕಿತ್ತು, ಅಂತ್ಯ ಎರಡರ ಮೇಲೆ ಇಟ್ಟಳು.

“ಇದ್ನ ಯಾವ ಪಟ್ಟೀಲಿ ಬರ್ಕೊಂತೀರಾ?”

ಮುಗಿಯಿತು ಎಂದು ನಾನು ಬರೆಯಲಾರೆ. ಅವಳ ಬಾಯಲ್ಲಿ ಇನ್ನೂ ಮೂರು ಅಲ್ಲಾಡುತ್ತಿವೆ.