ಹೊಟ್ಟೆ ತುಂಬಿದ ಇಲಿ

ಆ ಚಳಿಗಾಲ ನಮ್ಮ ಪ್ರಯೋಗಾಲಯದಲ್ಲಿ ಡಾಕ್ಟರ್ ಹ್ಯಾಸ್ಕೆಲ್ ಒಂದು ಡೊಳ್ಳಿಲಿಯನ್ನೂ ಒಂದು ಬಡಕಲು ಇಲಿಯನ್ನೂ ಪಕ್ಕೆಗೆ ಪಕ್ಕೆ ಸೇರಿಸಿ ಹೊಲಿಯುತ್ತಿದ್ದರು. ಒಂದರ ರಕ್ತ ಇನ್ನೊಂದಕ್ಕೆ ಹರಿಯಬೇಕು, ಹಸಿವನ್ನು ಆಳುವ ಹಾರ್ಮೋನು ಅದರಲ್ಲಿದ್ದರೆ ಸಿಕ್ಕಿಬೀಳಬೇಕು. ಸಿಕ್ಕಿಬಿದ್ದವಳು ಓಡೀಲ್.

ಓಡೀಲ್ ನಮ್ಮ ಇಲಿಮನೆಯಲ್ಲಿ ಮೇವು ಹಾಕುವವಳು. ಪಂಜರಗಳ ಸಂದಿಯಲ್ಲಿ ಓರೆಯಾಗಿ ನಡೆಯುವಷ್ಟು ದಪ್ಪ. ಗಂಡ ಸೀಗಡಿ ದೋಣಿಯ ಜೊತೆಗೇ ಮುಳುಗಿದ್ದ. ಇಬ್ಬರು ಮಕ್ಕಳ ಬ್ರೆಡ್ಡು ಈ ಕೆಲಸದಿಂದಲೇ ಬರಬೇಕು.

ಹೊಲಿದ ಜೋಡಿಗಳಲ್ಲಿ ಬಡಕಲು ಇಲಿಗಳು ಸಾಲಾಗಿ ಸಾಯತೊಡಗಿದವು. ಕೊಯ್ದು ನೋಡಿದರೆ ಹೊಟ್ಟೆ ಖಾಲಿ.

"ಮೇವು ಹಾಕಿದ್ದೀಯೇನಮ್ಮಾ?" ಎಂದರು ಡಾಕ್ಟರು.

"ಮೂತಿ ಹತ್ರಾನೇ ಇಟ್ಟಿದೀನಿ ಡಾಕ್ಟ್ರೇ. ಅದು ಮೂಸೂ ನೋಡಲ್ಲ."

ಪಂಜರ ತೊಳೆಯುವ ಕ್ಲೈಡ್ ಬಾಯಿ ಹಾಕಿದ: "ನಿಜ ಹೇಳೇ, ಇಲಿ ಮೇವಿಗೆ ಬೆಣ್ಣೆ ಹಚ್ಕೊಂಡ್ಯಾ, ಬರೀದೇ ತಿಂದ್ಯಾ?"

ಎಲ್ಲರೂ ನಕ್ಕರು. ಓಡೀಲ್ ಕೂಡ ನಕ್ಕಳು. ದಪ್ಪಗಿರುವವರು ಮೊದಲು ಕಲಿಯುವ ವಿದ್ಯೆ ಅದು. ವಾರ ಮುಗಿಯುವುದರೊಳಗೆ ಅವಳನ್ನು ಮನೆಗೆ ಕಳಿಸಿದರು.

ಬದಲಿಗೆ ಬಂದ ಬೆರಿಲ್ ಮೀನಿನ ಮುಳ್ಳಿನಂಥವಳು. ಅವಳ ಕೈಯಲ್ಲೂ ಇಲಿಗಳು ಸತ್ತವು. ಆ ಸೊಂಟ ನೋಡಿದ ಮೇಲೆ ಅವಳನ್ನು ಶಂಕಿಸುವಂತಿರಲಿಲ್ಲ. ಡಾಕ್ಟರು ತಾವೇ ಪಂಜರದ ಮುಂದೆ ಕುಕ್ಕರಿಸಿದರು. ಡೊಳ್ಳಿಲಿ ತಿಂದಿತು, ಮಲಗಿತು, ತಿಂದದ್ದನ್ನು ಖರ್ಚು ಮಾಡದೆ ಮೈಗೆ ಕೂಡಿಟ್ಟಿತು. ಅದರ ರಕ್ತದಲ್ಲಿ 'ಸಾಕು' ಎಂಬ ಕೂಗು ತುಂಬಿ ತುಳುಕುತ್ತಿತ್ತು. ಅದಕ್ಕೆ ಮಾತ್ರ ಕಿವುಡು. ಕೇಳಿಸಿಕೊಂಡದ್ದು ಪಕ್ಕಕ್ಕೆ ಹೊಲಿದ ಬಡಪಾಯಿ. ಮೇವಿನ ಮುಂದೆಯೇ, ಹೊಟ್ಟೆ ತುಂಬಿದೆಯೆಂದು ನಂಬಿಕೊಂಡು, ಅದು ಒಣಗಿ ಸತ್ತಿತು.

ಡಾಕ್ಟರು ಸಭೆ ಕರೆದರು. "ಬೊಜ್ಜು ಬಾಯಿಚಪಲವಲ್ಲ, ಮಹನೀಯರೇ! ಹಸಿವಿನ ಲಗಾಮು ಇರುವುದು ಹಾರ್ಮೋನಿನ ಕೈಯಲ್ಲಿ!" ಚಪ್ಪಾಳೆಯ ನಂತರ ಬ್ಲೂಬೆರಿ ಪೈ ಬಂತು. ಸುದ್ದಿ ಕೇಳಿ ಓಡೀಲ್ ಕೂಡ ಬಂದಳು, ಚರ್ಚಿಗೆ ಹಾಕುವ ಕೋಟು ತೊಟ್ಟು.

"ನಾನು ಮೇವು ಹಾಕಿದ್ದು ನಿಜ ಅಂತಾಯ್ತಲ್ಲ ಡಾಕ್ಟ್ರೇ. ಸೋಮವಾರದಿಂದ ಬರ್ಲಾ?"

"ನಿಂದೇನೂ ತಪ್ಪಿಲ್ಲಮ್ಮಾ. ಆದ್ರೆ ಬೆರಿಲ್ ಬಂದ್ಬಿಟ್ಟಿದ್ದಾಳಲ್ಲ. ಆ ಸಂದಿ ಬೇರೆ ಕಿರಿದು, ಅವಳಿಗೆ ಸಲೀಸು."

ಓಡೀಲ್ ಅಲ್ಲೇ ನಿಂತಳು. ಕ್ಲೈಡ್‌ಗೆ ಏನನ್ನಿಸಿತೋ, ಒಂದು ತುಂಡು ಪೈ ತಟ್ಟೆಗೆ ಹಾಕಿ ಅವಳ ಕೈಗಿಟ್ಟ. ಡಾಕ್ಟರು ಮೆಲ್ಲಗೆ ಆ ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡರು.

"ಬೇಡಮ್ಮಾ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ, ಸ್ವಲ್ಪ ಬಾಯಿ ಕಟ್ಟು."

ತುಂಡನ್ನು ಅವರೇ ತಿಂದರು.