ಮನೇಲೇ ಉಂಡೆ ಅಂದವಳು

ಬಟ್ಟೆ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಫ್ರಿಜ್ಜು ಕೆಟ್ಟು ಕೂತಿತ್ತು. ಅಡುಗೆ ಮಾಡುವ ಅಕ್ಕ ಕೋಳಿ ಮಾಂಸ ಮೂಸಿ ನೋಡಿ, ಪಾತ್ರೆ ಸಮೇತ ತಂದು ಮ್ಯಾನೇಜರನ ಮುಂದಿಟ್ಟಳು.

“ಸಾರ್, ಇದು ಕೆಟ್ಟಿದೆ. ಜನಕ್ಕೆ ಹಾಕೋ ಹಾಗಿಲ್ಲ.”

“ಖಾರ ಜಾಸ್ತಿ ಹಾಕಮ್ಮ. ಆಗಲ್ಲ ಅಂದ್ರೆ ಹೇಳು, ನಿನ್ನ ಕೆಲಸಕ್ಕೆ ಬೇರೆಯವರು ಬಾಗಿಲಲ್ಲೇ ನಿಂತಿದ್ದಾರೆ.”

ಬೇಯಿಸಿದಳು. ಅದೇ ಫ್ಯಾಕ್ಟರಿಯಲ್ಲಿ ಹೊಲಿಯುತ್ತಿದ್ದ ಒಡಹುಟ್ಟಿದ ತಂಗಿ ತಟ್ಟೆ ಚಾಚಿದಾಗ, ಬೇಡ ಕಣೇ ಎಂದು ಕಣ್ಣಲ್ಲೇ ಹೇಳಿದಳು. ಹಸಿದವಳಿಗೆ ಕಣ್ಸನ್ನೆ ಎಲ್ಲಿ ಕಾಣಬೇಕು?

“ಅಕ್ಕಾ, ಇನ್ನೊಂದು ತುಂಡು ಹಾಕೇ.”

ಮ್ಯಾನೇಜರ್ ಅಲ್ಲೇ ನಿಂತಿದ್ದ. ಅಕ್ಕ ಹಾಕಿದಳು.

ಮರುದಿನ ತಂಗಿ ಹೊಟ್ಟೆ ಹಿಡಿದುಕೊಂಡೇ ಹೊಲಿದಳು. ಪದೇ ಪದೇ ಎದ್ದು ಹೋದರೆ ಸೂಪರ್‌ವೈಸರ್ ಬೈಯುತ್ತಿದ್ದ. ಮೆಷಿನ್ ಮೇಲೆ ಕುಸಿದು ಬಿದ್ದ ಮೇಲೇ ಆಸ್ಪತ್ರೆ ಕಂಡಳು. ವಾರ್ಡಿನ ತುಂಬ ಅವಳ ಜೊತೆ ಹೊಲಿಯುವವರೇ. ಆರೋಗ್ಯ ಇಲಾಖೆಯ ಮೇಡಂ ಬರುವ ಮುಂಚೆಯೇ ಮ್ಯಾನೇಜರ್ ಬಂದು ಹೋಗಿದ್ದ: “ಕ್ಯಾಂಟೀನ್ ಅಂತ ಬಾಯಿಬಿಟ್ರೋ, ನಾಳೆಯಿಂದ ಕೆಲಸ ಇಲ್ಲ.”

ಮೇಡಂ ಕೇಳಿದಳು, “ಎಲ್ಲಿ ಊಟ ಮಾಡಿದ್ದಮ್ಮ?”

ತಂಗಿ ಮಂಚದ ಪಕ್ಕ ಕೂತಿದ್ದ ಅಕ್ಕನ ಮುಖ ನೋಡಿದಳು. “ಮನೇಲೇ ಉಂಡೆ.”

ಎಲ್ಲರದೂ ಅದೇ ಮಾತು.

“ಇಷ್ಟು ಮನೆಗಳಲ್ಲಿ ಒಂದೇ ದಿನ ಅಡುಗೆ ಕೆಡ್ತಾ? ನೀವು ನಿಜ ಹೇಳದೆ ನಾನು ಯಾವ ಒಲೆ ಆರಿಸಲಿ?”

ಅಕ್ಕ ತಲೆ ತಗ್ಗಿಸಿ ತಂಗಿಯ ಹೊದಿಕೆ ಸರಿಮಾಡಿದಳು. ಬೆಳಗಾಗುವಷ್ಟರಲ್ಲಿ ತಂಗಿ ಹೋಗಿಬಿಟ್ಟಳು.

ಶವಾಗಾರದ ಬಾಗಿಲಲ್ಲಿ ಕೂತಿದ್ದ ಅಕ್ಕನ ಕಣ್ಣೆದುರೇ ಫ್ಯಾಕ್ಟರಿಯಿಂದ ಇನ್ನೊಂದು ವ್ಯಾನ್ ಬಂತು. ಹೊಲಿಯುವ ಹೆಂಗಸರು ವಾಂತಿ ಮಾಡುತ್ತಲೇ ಇಳಿದರು. ಅಂದರೆ ಬೇರೆಯವರ ಕೈಲಿ ಕ್ಯಾಂಟೀನ್ ಒಲೆ ಇನ್ನೂ ಉರಿಯುತ್ತಿತ್ತು. ಅಕ್ಕ ಎದ್ದು, ಮೇಡಂ ಇದ್ದ ವಾರ್ಡಿಗೆ ಓಡಿದಳು.

“ಬರ್ಕೊಳ್ಳಿ ಮೇಡಂ. ಕ್ಯಾಂಟೀನ್ ಕೋಳಿ. ಕೆಟ್ಟಿದೆ ಅಂತ ಗೊತ್ತಿದ್ದೂ ಬೇಯಿಸೋಕೆ ಹೇಳಿದ್ದು ಮ್ಯಾನೇಜರ್. ಬಡಿಸಿದ್ದು ಈ ಕೈ.”

“ನಿಮ್ಮ ತಂಗಿ ಮನೇಲಿ ಉಂಡೆ ಅಂದ್ಲಲ್ಲಮ್ಮ?”

“ನನ್ನ ಕೆಲಸ ಉಳೀಲಿ ಅಂತ ಸುಳ್ಳು ಹೇಳಿ ಸತ್ತಳು.”

ಗುಂಡಿ ಹೊಲಿಯುವ ಮುದುಕಿ ದಿಂಬಿಗೆ ಒರಗಿ ಎದ್ದು ಕೂತಳು. “ನಾನೂ ಸುಳ್ಳೇ ಹೇಳಿದ್ದು ತಾಯಿ. ನಂದೂ ಬರ್ಕೋ.” ಆಮೇಲೆ ಪಕ್ಕದವಳು. ಅವಳ ಪಕ್ಕದವಳು.

ಮಧ್ಯಾಹ್ನಕ್ಕೆ ಮೇಡಂ ಕ್ಯಾಂಟೀನಿಗೆ ಬೀಗ ಹಾಕಿಸಿದಳು. ಸಂಜೆಗೆ ಪೊಲೀಸ್ ಜೀಪು ಬಂದದ್ದು ಮಾತ್ರ ಮ್ಯಾನೇಜರನ ಮನೆಗಲ್ಲ, ಆಸ್ಪತ್ರೆಗೆ. ಅಡುಗೆಯವಳೇ ವಿಷ ಉಣಿಸಿದಳೆಂದು ಅವನು ದೂರು ಕೊಟ್ಟಿದ್ದ.

ತಂಗಿಯ ಹೆಣ ಇನ್ನೂ ಒಳಗೇ ಇತ್ತು. ಅಕ್ಕ ಅತ್ತ ತಿರುಗಿ ನೋಡುತ್ತಲೇ ಜೀಪಿನ ಕಡೆ ನಡೆದಳು.

ಅಷ್ಟರಲ್ಲಿ ವಾರ್ಡಿನ ಹೆಂಗಸರು ಸಲೈನ್ ಬಾಟಲಿ ಎತ್ತಿ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಒಬ್ಬೊಬ್ಬರಾಗಿ ಜೀಪಿನ ಮುಂದೆ ನೆಲಕ್ಕೆ ಕೂತರು.

“ಅವಳು ತಂಗೀನ ಮಣ್ಣು ಮಾಡಲಿ,” ಎಂದಳು ಮುದುಕಿ, ಏದುಸಿರು ಬಿಡುತ್ತ. “ಆಮೇಲೆ ಸ್ಟೇಷನ್ನಿಗೆ ಬರ್ತಾಳೆ. ನಾವೆಲ್ಲರೂ ಬರ್ತೀವಿ.”