ಮಂಡಿಯೂರಿದ ಸಾಕ್ಷಿ

ಕಚೇರಿಯ ಟಪಾಲು ಪುಸ್ತಕವನ್ನು ಹೊಟ್ಟೆಗೆ ಕಟ್ಟಿಕೊಂಡು ನ್ಯಾಯಾಲಯಕ್ಕೆ ಬಂದವಳು ಇಡೀ ಕಿಟೊಲೆ ಜಿಲ್ಲೆಯಲ್ಲಿ ನಕಿಜೋಬ ಒಬ್ಬಳೇ ಇರಬೇಕು. ಗೊಮೆಸಿ ಉಡುವ ಹೆಂಗಸಿಗೆ ಅದೊಂದು ಅನುಕೂಲ. ಒಳಗೆ ಸುತ್ತುವ ದಪ್ಪ ಬಟ್ಟೆ, ಮೇಲೆ ಕಾಲಿನವರೆಗೆ ಇಳಿಬೀಳುವ ಉಡುಗೆ, ಅದರ ಮೇಲೆ ನಡುವಿಗೆ ಬಿಗಿಯುವ ಅಗಲ ಪಟ್ಟಿ. ಇದರೊಳಗೆ ಪುಸ್ತಕವೇನು, ಕೋಳಿಯನ್ನೇ ಬಚ್ಚಿಟ್ಟರೂ ಅದು ಕೂಗುವವರೆಗೆ ಯಾರಿಗೂ ತಿಳಿಯದು. ಮನೆಯಲ್ಲಿ ಬಿಟ್ಟು ಬರಲು ಅವಳಿಗೆ ಧೈರ್ಯ ಸಾಲಲಿಲ್ಲ. ಸುಟ್ಟುಹಾಕಲು ಕೈ ಬರಲಿಲ್ಲ. ಹಾಗಾಗಿ ಬೆಳಗ್ಗೆ ಬಾಗಿಲು ಹಾಕಿಕೊಂಡು ಕಟ್ಟಿಕೊಂಡಳು.

ಎಲ್ಲಕ್ಕೂ ಮೂಲ ಒಂದು ಸೀಲು. ಜಿಲ್ಲಾ ಕಚೇರಿಯ ಟಪಾಲು ಕಿಟಕಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿದ್ದ ಅವಳಿಗೆ ಸೀಲು ಒತ್ತುವುದು ಉಸಿರಾಡಿದಷ್ಟೇ ಸಲೀಸು. ಅರ್ಜಿ ಕೊಡಲು ಬಂದವರು ಎರಡು ಪ್ರತಿ ತರಬೇಕು. ಒಂದು ಒಳಗೆ ಹೋಗುತ್ತದೆ, ಇನ್ನೊಂದು ಸೀಲು ಬಿದ್ದು ಅವರ ಕೈಗೆ ವಾಪಸಾಗುತ್ತದೆ. ಪುಸ್ತಕದಲ್ಲಿ ಒಂದು ಸಾಲು, ಸಾಲಿಗೊಂದು ಸಂಖ್ಯೆ. ನಾಲ್ಕು ತಿಂಗಳ ಹಿಂದೆ ಕೋಲೂರಿಕೊಂಡು ಬಂದ ನಿವೃತ್ತ ಗಣಿತ ಮೇಷ್ಟ್ರು ಮುವೊಂಗೆಗೂ ಅವಳು ಮಾಡಿದ್ದು ಅಷ್ಟೆ. ಹಿರಿಯರೆಂದು ಕಿಟಕಿ ಬಿಟ್ಟು ಜಗಲಿಗೆ ಬಂದು, ಮಂಡಿಯೂರಿ, ಎರಡೂ ಕೈಯಲ್ಲಿ ಅರ್ಜಿ ತೆಗೆದುಕೊಂಡಿದ್ದಳು.

"ಮನೇಲೆಲ್ಲಾ ಹೇಗಿದಾರೆ ಜಜ್ಜಾ?" ಎಂದು ಅಜ್ಜನನ್ನು ಕರೆಯುವಂತೆ ಕೇಳಿದ್ದಳು.

"ನಿನ್ನ ಅಜ್ಜಿ ಕಣ್ಣು ಮಂಜಾಗಿದೆ ಮಗಳೇ. ನಿಮ್ಮ ಜಿಲ್ಲೆ ವೆಬ್‌ಸೈಟಲ್ಲಿ ಏನು ಬರೆದಿದಾರೆ ಗೊತ್ತಾ? ನಮ್ಮೂರ ಆಸ್ಪತ್ರೆಗೆ ಗುರುವಾರ ಗುರುವಾರ ಕಣ್ಣಿನ ಡಾಕ್ಟರು ಬರ್ತಾರಂತೆ. ಬಾಡಿಗೆ ಬೋಡಾ ಬೈಕಲ್ಲಿ ಕೂರಿಸ್ಕೊಂಡು ಹೋದೆ. ಬಾಗಿಲಿಗೆ ಬೀಗ, ಜಗಲಿ ಮೇಲೆ ಎರಡು ಮೇಕೆ."

"ಮೇಕೆನಾ?"

"ಹೂಂ. ಅವುಗಳ ಕಣ್ಣು ಚೆನ್ನಾಗೇ ಇತ್ತು."

ಇಬ್ಬರೂ ನಕ್ಕಿದ್ದರು. ಅರ್ಜಿಯಲ್ಲಿದ್ದದ್ದು ಎರಡೇ ಪ್ರಶ್ನೆ: ಈ ವೆಬ್‌ಸೈಟು ಮಾಡುವ ಗುತ್ತಿಗೆ ಯಾರಿಗೆ ಕೊಟ್ಟಿರಿ? ಎಷ್ಟು ಕೊಟ್ಟಿರಿ? ಕಾನೂನಿನ ಪ್ರಕಾರ ಇಪ್ಪತ್ತೊಂದು ದಿನದಲ್ಲಿ ಉತ್ತರ ಹೋಗಬೇಕಿತ್ತು. ಹೋಗಲಿಲ್ಲ. ಮೇಷ್ಟ್ರು ಸೀಲು ಬಿದ್ದ ಪ್ರತಿಯನ್ನು ಹಿಡಿದುಕೊಂಡು ಸೀದಾ ಮ್ಯಾಜಿಸ್ಟ್ರೇಟರ ಮುಂದೆ ಹೋದರು. ಅಂದಿನಿಂದ ನಕಿಜೋಬಳ ನಿದ್ದೆ ಹಾರಿಹೋಯಿತು.

ಆ ವೆಬ್‌ಸೈಟನ್ನು ಅವಳೂ ನೋಡಿದ್ದಳು. ಮೊದಲ ಪುಟದಲ್ಲಿ ಮುಖ್ಯ ಆಡಳಿತಾಧಿಕಾರಿ ಕಟೆರೆಗ ಸಾಹೇಬರ ನಗುಮುಖ. ಆಸ್ಪತ್ರೆಗಳ ಪುಟ ಒಂದನ್ನು ಬಿಟ್ಟು ಇನ್ನೇನನ್ನು ಒತ್ತಿದರೂ 'ಸದ್ಯದಲ್ಲೇ ಬರಲಿದೆ'. ಎರಡು ವರ್ಷದಿಂದ ಸದ್ಯದಲ್ಲೇ ಬರುತ್ತಿತ್ತು.

ಕಟೆರೆಗ ಅವಳನ್ನು ಕೋಣೆಗೆ ಕರೆಸಿದ್ದರು. ಬೈದಿದ್ದರೆ ಅವಳಿಗೆ ಅಷ್ಟು ಭಯ ಆಗುತ್ತಿರಲಿಲ್ಲ. ಚಹಾ ಕೊಡಿಸಿದರು.

"ಕೂತ್ಕೊ ನ್ಯಾಬೊ, ಕೂತ್ಕೊಳಮ್ಮ. ಯಾಕೆ ನಡುಗ್ತಿದೀಯ? ಆ ಮುದುಕ ನಮ್ಮ ಕಚೇರಿಗೆ ಬಂದೇ ಇಲ್ಲ, ಅಲ್ವಾ? ರಾಜಧಾನಿ ಗಲ್ಲಿಗಳಲ್ಲಿ ಯಾವ ಸೀಲು ಬೇಕಾದ್ರೂ ಕೆತ್ತಿಕೊಡ್ತಾರೆ. ಕೋರ್ಟಲ್ಲಿ ಕೇಳಿದ್ರೆ, ಅವರನ್ನ ನಾನು ನೋಡೇ ಇಲ್ಲ ಅನ್ನು. ಸಾಕು."

"ಪುಸ್ತಕದಲ್ಲಿ ಬರೆದಿದೀನಿ ಸರ್..."

"ಪುಸ್ತಕಕ್ಕೆ ಗೆದ್ದಲು ಹತ್ತಿದೆ. ಮನೆಗೆ ತಗೊಂಡು ಹೋಗಿ ಒಲೆಗೆ ಹಾಕು." ಚಹಾ ಕುಡಿದು ಲೋಟ ಕೆಳಗಿಟ್ಟರು. "ನಿನ್ನ ಮಗಳು ಕಿಸಾಕ್ಯೆ, ಹಾಸ್ಟೆಲಲ್ಲಿ ಇದಾಳಲ್ವಾ? ಪಾಪ, ದೂರ. ದಾರಿ ಬೇರೆ ಸರಿಯಿಲ್ಲ."

ಮಗಳ ಹೆಸರನ್ನು ಅವಳು ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಆ ಸಂಜೆ ಒಲೆಯ ಮುಂದೆ ಕೂತು ಪುಸ್ತಕ ತೆರೆದಳು. ಮೇಷ್ಟ್ರ ಸಾಲೊಂದನ್ನು ಹರಿದು ಹಾಕೋಣವೆಂದರೆ ಅದೇ ಹಾಳೆಯಲ್ಲಿ ಜಮೀನು ಕಳೆದುಕೊಂಡ ವಿಧವೆಯ ಅರ್ಜಿ ಇತ್ತು, ಬೋರ್‌ವೆಲ್ ಕೆಟ್ಟ ಊರಿನವರದ್ದಿತ್ತು, ಆರು ತಿಂಗಳು ಸಂಬಳ ಬಾರದ ದಾದಿಯದ್ದಿತ್ತು. ಇದನ್ನು ಸುಟ್ಟರೆ ಅವರ್ಯಾರೂ ಕಚೇರಿಗೆ ಬಂದೇ ಇಲ್ಲ ಎಂದಾಗುತ್ತದೆ. ಒಲೆಯ ಮೇಲಿನ ಮತೂಕೆ ಬಾಳೆಕಾಯಿ ಬೆಂದು ಸೀಯುವವರೆಗೆ ಕೂತಿದ್ದು, ಕೊನೆಗೆ ಪುಸ್ತಕವನ್ನು ಬೀನ್ಸ್ ಚೀಲದ ಕೆಳಗೆ ತುರುಕಿದಳು. ಹೊರಗೆ ಬಂದು ನೋಡಿದರೆ ಸಾಹೇಬರ ಡ್ರೈವರ್ ಸೆರುಗ ಎದುರಿನ ಅಂಗಡಿಯಲ್ಲಿ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು ಸೋಡಾ ಕುಡಿಯುತ್ತಿದ್ದ.

"ಏನಕ್ಕಾ, ಒಲೆ ಹೊತ್ತಿತಾ?" ಎಂದು ಕೇಳಿದ.

ಮರುದಿನವೂ ಬಂದ. ಮೂರನೆಯ ದಿನವೂ ಬಂದ. ಏನೂ ಮಾಡಲಿಲ್ಲ, ಒಲೆಯ ವಿಚಾರ ಕೇಳುತ್ತಿದ್ದ ಅಷ್ಟೆ. ಅವಳು ಹಾಸ್ಟೆಲಿಗೆ ದಿನಕ್ಕೆರಡು ಸಲ ಫೋನು ಮಾಡಿ, ಮಗಳು "ಅಮ್ಮಾ, ಮೇಟ್ರನ್ ಬೈತಾರೆ" ಎಂದರೂ ಬಿಡಲಿಲ್ಲ.

ಈಗ ಅವಳು ಸಾಕ್ಷಿಕಟ್ಟೆಯಲ್ಲಿ ನಿಂತಿದ್ದಳು. ಎದೆಮಟ್ಟದ ಮರದ ಕಟಕಟೆ. ಮುಂದೆ ಕನ್ನಡಕದ ಮ್ಯಾಜಿಸ್ಟ್ರೇಟಮ್ಮ, ಮೊದಲ ಬೆಂಚಿನಲ್ಲಿ ಕಟೆರೆಗ, ಹಿಂದಿನ ಬಾಗಿಲಿಗೆ ಒರಗಿ ಮೋಟಾರ್ ಸೈಕಲ್ಲಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಾ ಸೆರುಗ. ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಬೈಕು ಪಂಕ್ಚರಂತೆ, ದಾರಿಯಲ್ಲಿದ್ದಾರಂತೆ ಎಂದು ಯಾರೋ ಹೇಳಿದರು. ಬರದೇ ಇದ್ದರೆ ಸಾಕಪ್ಪಾ ದೇವರೇ ಎಂದು ನಕಿಜೋಬ ಬೇಡಿಕೊಂಡಳು. ಬೈಬಲ್ ಮುಟ್ಟಿ ಪ್ರಮಾಣ ಮಾಡಿದಳು.

ಜಿಲ್ಲೆಯ ವಕೀಲ ಮೆತ್ತಗೆ ಕೇಳಿದ. "ಟಪಾಲು ಪುಸ್ತಕ ಏನಾಯ್ತು?"

"ಗೆದ್ದಲು... ಗೆದ್ದಲು ತಿಂತು."

"ಮುವೊಂಗೆ ಅನ್ನೋರು ನಿಮ್ಮ ಕಚೇರಿಗೆ ಬಂದು ಅರ್ಜಿ ಕೊಟ್ಟಿದ್ರಾ?"

"ಇಲ್ಲ."

"ಅವರನ್ನ ನೀವು ಯಾವತ್ತಾದ್ರೂ ನೋಡಿದೀರಾ? ಮಾತಾಡಿಸಿದೀರಾ?"

"ಯಾವತ್ತೂ ಇಲ್ಲ."

ಹೇಳಿಬಿಟ್ಟಳು. ಮುಗಿಯಿತು. ಕಟೆರೆಗ ಹಗುರಾಗಿ ತಲೆಯಾಡಿಸಿದರು. ಮಗಳು ಬದುಕಿದಳು ಎಂದುಕೊಂಡಳು, ಮರುಗಳಿಗೆಯೇ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಅಷ್ಟರಲ್ಲಿ ಸಾಕ್ಷಿಕಟ್ಟೆಯ ಪಕ್ಕದ ಬಾಗಿಲು ಕಿರುಗುಟ್ಟಿತು. ಬೂಟಿಗೆಲ್ಲ ಕೆಂಪು ಧೂಳು ಮೆತ್ತಿಕೊಂಡು, ಕೋಲೂರಿಕೊಂಡು ಮುವೊಂಗೆ ಮೇಷ್ಟ್ರು ಒಳಗೆ ಬಂದರು. ಎರಡು ಹೆಜ್ಜೆ ದೂರದಲ್ಲಿ ನಿಂತು, ಅವಳ ಮುಖ ನೋಡಿ, ಎಂದಿನಂತೆ ಕೇಳಿದರು. "ಚೆನ್ನಾಗಿದೀಯಾ ಮಗಳೇ?"

ಕಟಕಟೆಯಿಂದ ಸಾಕ್ಷಿ ಮಾಯವಾದಳು. ಹುಟ್ಟಿದಾಗಿನಿಂದ ಹಿರಿಯರ ಮುಂದೆ ಬಾಗಿದ ಮಂಡಿ ಅದು. ಅಪ್ಪಣೆಗೆ ಕಾಯಲಿಲ್ಲ. ಮರದ ಹಲಗೆಯ ಹಿಂದಿನಿಂದ ಅವಳ ದನಿ ಮಾತ್ರ ಕೇಳಿತು. "ಚೆನ್ನಾಗಿದೀನಿ ಜಜ್ಜಾ. ಅಜ್ಜಿ ಕಣ್ಣು ಹೇಗಿದೆ ಈಗ? ಮಂಜು ಕಡಿಮೆ ಆಯ್ತಾ?"

ತಾನು ಏನು ಕೇಳಿದೆ ಎಂಬುದು ಆಗ ಅವಳ ತಲೆಗೆ ಹೊಳೆಯಿತು.

ಕಟೆರೆಗ ಎದ್ದು ನಿಂತರು. "ಮೇಡಂ, ನಮ್ಮ ಹೆಂಗಸರು ದಾರೀಲಿ ಸಿಕ್ಕ ಎಲ್ಲ ಹಿರಿಯರಿಗೂ ಮಂಡಿ ಊರ್ತಾರೆ. ಅದರಿಂದ ಏನೂ ಸಾಬೀತಾಗಲ್ಲ."

"ಮಂಡಿ ನನಗೂ ಗೊತ್ತು, ಕೂತ್ಕೊಳಿ," ಎಂದರು ಮ್ಯಾಜಿಸ್ಟ್ರೇಟಮ್ಮ. "ಯಾವತ್ತೂ ನೋಡದೇ ಇರೋರ ಹೆಂಡತಿ ಕಣ್ಣು ಮಂಜಾಗಿದೆ ಅಂತ ಇವರಿಗೆ ಹೇಗೆ ಗೊತ್ತಾಯ್ತು? ನಕಿಜೋಬ, ನನ್ನ ಕಡೆ ನೋಡಮ್ಮ. ಪುಸ್ತಕ ಎಲ್ಲಿದೆ?"

ಬಾಗಿಲಲ್ಲಿ ಸೆರುಗನ ಬೆರಳಿನ ಬೀಗದ ಕೈ ತಿರುಗುವುದು ನಿಂತಿತು. ಮನೆಯಲ್ಲಿದೆ ಎಂದಿದ್ದರೆ ಸೆರುಗನ ಮೋಟಾರ್ ಸೈಕಲ್ ಪೊಲೀಸರಿಗಿಂತ ಮೊದಲು ಅಲ್ಲಿರುತ್ತಿತ್ತು. ಮಂಡಿಯೂರಿದ್ದರಿಂದ ಪುಸ್ತಕದ ಗಟ್ಟಿ ಅಂಚು ಪಕ್ಕೆಲುಬಿಗೆ ಒತ್ತುತ್ತಿತ್ತು, ಉಸಿರಾಡಲು ಬಿಡುತ್ತಿರಲಿಲ್ಲ. ಕಿಸಾಕ್ಯೆಯ ಮುಖ ಕಣ್ಣ ಮುಂದೆ ಬಂತು. ಅಳು ಬಂತು. ಅಳುತ್ತಲೇ ನಡುಪಟ್ಟಿಯ ಗಂಟಿಗೆ ಕೈ ಹಾಕಿದಳು. ಬಿಗಿದ ಗಂಟು ಬೇಗ ಬಿಚ್ಚಲಿಲ್ಲ.

ಬೆವರಿಗೆ ರಟ್ಟು ಒದ್ದೆಯಾಗಿತ್ತು. ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿದಳು.

"ಗೆದ್ದಲು ತಿಂದಿಲ್ಲ ಮೇಡಂ. ನಾನು ಸುಳ್ಳು ಹೇಳ್ದೆ. ನಾನೂರ ಹನ್ನೆರಡನೇ ಸಾಲು ನೋಡಿ, ಸೀಲೂ ನಂದೇ. ನನ್ನ ಮಗಳು ಹಾಸ್ಟೆಲಲ್ಲಿ ಇದಾಳೆ, ಅವಳ ಹೆಸರು ಹೇಳಿ ಹೆದರಿಸಿದ್ರು. ಅದನ್ನೂ ಬರ್ಕೊಳಿ."

ಮ್ಯಾಜಿಸ್ಟ್ರೇಟಮ್ಮ ಬರೆದುಕೊಂಡರು. ಹತ್ತು ದಿನದೊಳಗೆ ಗುತ್ತಿಗೆ ಪತ್ರ, ಕೊಟ್ಟ ಹಣದ ಲೆಕ್ಕ ಎರಡನ್ನೂ ನೋಟಿಸ್ ಬೋರ್ಡಿಗೆ ಹಾಕಬೇಕೆಂದು ಆಜ್ಞೆಯಾಯಿತು. ಹಾಸ್ಟೆಲಿಗೆ ಒಬ್ಬ ಪೊಲೀಸನನ್ನು ಕಳಿಸಲು ಹೇಳಿದರು. ಒಬ್ಬನನ್ನೇ.

ಹೊರಗೆ ಬಂದಾಗ ಮಾವಿನ ಮರದ ಕೆಳಗೆ ಸೆರುಗ ಮೋಟಾರ್ ಸೈಕಲ್ ಮೇಲೆ ಕೂತಿದ್ದ. ಈ ಸಲ ಒಲೆಯ ವಿಚಾರ ಕೇಳಲಿಲ್ಲ. ಎಂಜಿನ್ ಚಾಲೂ ಇತ್ತು. ನಕಿಜೋಬಳ ಕಾಲು ಮೆಟ್ಟಿಲಲ್ಲೇ ನಿಂತುಬಿಟ್ಟಿತು.

ಮೇಷ್ಟ್ರು ಪಕ್ಕಕ್ಕೆ ಬಂದು ನಿಂತರು. "ಹೆದರಿಕೆ ಆಗ್ತಿದೆಯಾ ಮಗಳೇ?"

"ತುಂಬಾ ಜಜ್ಜಾ."

"ನನಗೂ," ಎಂದು ಮುದುಕರು ಕೋಲನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈಯಲ್ಲಿ ಅವಳ ಕೈ ಹಿಡಿದರು. "ಬಾ, ಇಬ್ಬರೂ ಹೆದರಿಕೊಂಡೇ ಹೋಗೋಣ."